ಉತ್ತರದ ಗೋಡೆಯ ನೆರಳಿಗೆ, ಬೇಸಿಗೆಯಲ್ಲಿ ಹೂ ಬಿಡುವ ಗಿಡ್ಡ ಗಿಡಗಳು ಯಾವುವು?

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು ಎರಡಂತಸ್ತಿನ ಮನೆ. ಉತ್ತರದ ಗೋಡೆಗೂ ಕಾಂಪೌಂಡಿಗೂ ನಡುವೆ ನಾಲ್ಕು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಮಣ್ಣಿನ ಜಾಗವಿದೆ. ಪಕ್ಕದ ಹಳೆಯ ಮನೆಯ ಹಿತ್ತಲಿನ ಮಾವಿನ ಮರದ ಕೊಂಬೆಗಳು ಅದರ ಪಶ್ಚಿಮದ ಅರ್ಧದ ಮೇಲೆ ಚಾಚಿಕೊಂಡಿವೆ. ಮೊದಲು ಮಲ್ಲಿಗೆ, ದಾಸವಾಳ ಹಾಕಿದೆವು. ಎಲೆ ಬಂತು, ಹೂ ಬರಲಿಲ್ಲ. ಆಮೇಲೆ ನೆರಳಿನ ಗಿಡವೆಂದು ಪೀಸ್ ಲಿಲ್ಲಿ ತಂದೆವು. ಚಳಿಗಾಲವೆಲ್ಲ ಹಸಿರಾಗಿದ್ದ ಅದು ಮೇ ತಿಂಗಳಲ್ಲಿ ಸುಟ್ಟಂತಾಯಿತು. ಮೇಲೆ ಕಿಟಕಿಗಳಿರುವುದರಿಂದ ಎರಡೂವರೆ ಅಡಿಗಿಂತ ಎತ್ತರದ ಗಿಡ ಬೇಡ. ಮೊಮ್ಮಕ್ಕಳು ರಜೆಗೆ ಬರುವ ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ಹೂವಿರಬೇಕೆಂಬ ಆಸೆ. ಚಿಕ್ಕವಳಿಗೆ ಎರಡು ವರ್ಷ. ಏನು ಹಾಕಲಿ?

ಉತ್ತರ: ಪೀಸ್ ಲಿಲ್ಲಿ ಏಕೆ ಸುಟ್ಟಿತು ಎಂಬುದನ್ನು ಮೊದಲು ಬಿಡಿಸಿಕೊಳ್ಳೋಣ. ಅದು ಗೊತ್ತಾದರೆ ಗಿಡಗಳ ಆಯ್ಕೆ ಬಹುಪಾಲು ಮುಗಿದ ಹಾಗೆಯೇ.

ಮನೆಯ ಉತ್ತರಕ್ಕೆ ಬಿಸಿಲು ಬೀಳುವುದಿಲ್ಲ ಎಂಬ ಮಾತು ತಂಪು ದೇಶಗಳ ತೋಟಗಾರಿಕೆ ಪುಸ್ತಕಗಳಿಂದ ಬಂದದ್ದು. ಆ ದೇಶಗಳಲ್ಲಿ ನಡುಹಗಲ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ನಡುಹಗಲ ಸೂರ್ಯ ನೆತ್ತಿಯಿಂದ ದಕ್ಷಿಣಕ್ಕೆ 36 ಡಿಗ್ರಿಯಷ್ಟು ಓರೆಯಾಗಿರುತ್ತಾನೆ. ಆಗ ಇಪ್ಪತ್ತಡಿ ಎತ್ತರದ ಗೋಡೆಯ ನೆರಳು ಉತ್ತರಕ್ಕೆ ಹದಿನಾಲ್ಕು ಅಡಿಗೂ ಮೀರಿ ಹೋಗುತ್ತದೆ, ನಿಮ್ಮ ನಾಲ್ಕಡಿ ಜಾಗ ಪೂರ್ತಿ ಅದರೊಳಗೆ ಮುಳುಗುತ್ತದೆ. ಏಪ್ರಿಲ್ 24ರ ಸುಮಾರಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಪತ್ರಿಕೆಗಳಲ್ಲಿ ಶೂನ್ಯ ನೆರಳಿನ ದಿನವೆಂದು ಸುದ್ದಿಯಾಗುವುದು ಅದೇ. ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ಅವನು ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಆ ಅವಧಿಯಲ್ಲಿ ನಿಮ್ಮ ಗೋಡೆಯ ನಡುಹಗಲ ನೆರಳು ಬೀಳುವುದು ಮನೆಯ ಕಡೆಗೇ ಹೊರತು ಗಿಡಗಳ ಮೇಲಲ್ಲ. ಸಾಲದ್ದಕ್ಕೆ ಮಾರ್ಚ್ ಕೊನೆಯ ವಾರದಿಂದಲೇ ಅವನು ಹುಟ್ಟುವುದು ಈಶಾನ್ಯದ ಕಡೆಗೆ ಸರಿದಿರುತ್ತದೆ. ಅಂದರೆ ಜನವರಿಯಲ್ಲಿ ದಟ್ಟ ನೆರಳಿದ್ದ ಅದೇ ಮಣ್ಣು ಮೇ ತಿಂಗಳಲ್ಲಿ ಬಟ್ಟಬಯಲು. ಕಾಡಿನ ತಳದಲ್ಲಿ ಬೆಳೆಯುವ ಪೀಸ್ ಲಿಲ್ಲಿಯ ತೆಳು ಎಲೆ ಅದನ್ನು ತಡೆಯುವುದಿಲ್ಲ.

ಆದ್ದರಿಂದ ಆ ಇಪ್ಪತ್ತಡಿಯನ್ನು ಒಂದೇ ನೆರಳಿನ ಪಾತಿ ಎಂದುಕೊಳ್ಳಬೇಡಿ. ಪೂರ್ವದ ಹತ್ತಡಿ ಚಳಿಗಾಲದಲ್ಲಿ ನೆರಳು, ಬೇಸಿಗೆಯಲ್ಲಿ ದಿನಕ್ಕೆ ಕೆಲವು ಗಂಟೆಗಳ ಬಿಸಿಲು ಇರುವ ಜಾಗ. ಮಾವಿನ ಕೆಳಗಿನ ಪಶ್ಚಿಮದ ಹತ್ತಡಿ ಮಾತ್ರ ವರ್ಷವಿಡೀ ನೆರಳು. ಅದೂ ಒಣ ನೆರಳು, ಏಕೆಂದರೆ ನೀವು ಹಾಕಿದ ನೀರನ್ನು ಮರದ ಬೇರುಗಳೇ ಮೊದಲು ಕುಡಿಯುತ್ತವೆ. ಎರಡಕ್ಕೂ ಒಂದೇ ಗಿಡ ಹುಡುಕಿದರೆ ಒಂದು ಕಡೆ ಸುಡುತ್ತದೆ, ಇನ್ನೊಂದು ಕಡೆ ಹೂ ಬಿಡುವುದಿಲ್ಲ.

ಗಿಡ್ಡ ಗಿಡ ಎನ್ನುವ ವಿಷಯದಲ್ಲೂ ಒಂದು ಎಚ್ಚರಿಕೆ ಬೇಕು. ಮರದ ಎಲೆಗಳು ಬಿಸಿಲಿನ ಕೆಂಪು ಭಾಗವನ್ನು ಹೀರಿಕೊಂಡು, ಅದರಾಚೆಯ ಕಡುಗೆಂಪು ಕಿರಣಗಳನ್ನು ಕೆಳಗೆ ಬಿಡುತ್ತವೆ. ತಳದಲ್ಲಿರುವ ಗಿಡ ಈ ವ್ಯತ್ಯಾಸವನ್ನು ಗುರುತಿಸುತ್ತದೆ. ತಲೆಯ ಮೇಲೆ ಬೇರೆ ಗಿಡವಿದೆ ಎಂದರಿತು ಬೆಳಕಿಗಾಗಿ ಕಾಂಡವನ್ನು ಎಳೆದುಕೊಂಡು ಉದ್ದವಾಗುತ್ತದೆ. ಗೆಣ್ಣು ಗೆಣ್ಣಿನ ನಡುವಿನ ಅಂತರ ಹೆಚ್ಚುತ್ತದೆ, ಬುಡ ಬೋಳಾಗುತ್ತದೆ. ನರ್ಸರಿಯಲ್ಲಿ ಒಂದಡಿ ಎತ್ತರದಲ್ಲಿ ತುಂಬಿಕೊಂಡು ನಿಂತ ಗಿಡ ನಿಮ್ಮ ಮನೆಯಲ್ಲಿ ಮೂರು ತಿಂಗಳಲ್ಲಿ ಬಡಕಲಾಗಿ ವಾಲುವುದು ಇದರಿಂದ. ಮಾರಾಟಕ್ಕಾಗಿ ಬೆಳೆಸುವ ಕುಂಡದ ಗಿಡಗಳಿಗೆ ಬೆಳವಣಿಗೆ ತಗ್ಗಿಸುವ ಔಷಧಿ ಹಾಕುವುದೂ ಉಂಟು. ಅದರ ಪ್ರಭಾವ ಇಳಿದ ಮೇಲೆ ಗಿಡ ತನ್ನ ನಿಜವಾದ ಎತ್ತರಕ್ಕೆ ಹೋಗುತ್ತದೆ. ಹಾಗಾಗಿ ನೆರಳಿಗೆ ನಾನು ಮೊದಲು ಹುಡುಕುವುದು ನೆಲದ ಮೇಲೆ ಕಾಂಡವನ್ನೇ ಬೆಳೆಸದ ಗಿಡಗಳನ್ನು. ಗಡ್ಡೆಯಿಂದ ನೇರವಾಗಿ ಎಲೆ, ಹೂ ಕಳಿಸುವಂಥವು. ಉದ್ದವಾಗಲು ಅವುಗಳಿಗೆ ಕಾಂಡವೇ ಇರುವುದಿಲ್ಲ.

ಈ ಗುಂಪಿನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ನೆಲಸಂಪಿಗೆ. ಶುಂಠಿ, ಅರಿಶಿನಗಳ ಕುಟುಂಬದ ಗಿಡ, ಸಂಸ್ಕೃತದಲ್ಲಿ ಭೂಮಿಚಂಪಕ. ಚಳಿಗಾಲದಲ್ಲಿ ಇದರ ಎಲೆ ಪೂರ್ತಿ ಒಣಗಿ ಹೋಗುತ್ತದೆ, ಇತ್ತೆಂಬ ಗುರುತೂ ಇರುವುದಿಲ್ಲ. ಮಾರ್ಚ್ ಕಳೆದು ನೆಲ ಕಾದು, ಒಂದೆರಡು ಮಳೆ ಬಿದ್ದರೆ ಅಥವಾ ನೀವು ನೀರು ಕೊಟ್ಟರೆ, ಒಂದೇ ಒಂದು ಎಲೆಯೂ ಇಲ್ಲದ ಬರಿ ಮಣ್ಣಿನಿಂದ ಹೂ ಏಳುತ್ತದೆ. ಬಿಳಿ ಎಸಳು, ನಡುವೆ ತಿಳಿನೇರಳೆ, ಬಗ್ಗಿ ನೋಡಿದರೆ ಒಳ್ಳೆಯ ಪರಿಮಳ. ಒಂದು ಹೂವಿನ ಬಾಳು ಒಂದೇ ದಿನ. ಆದರೆ ಒಂದು ಗೊಂಚಲಿನಲ್ಲಿ ಹಲವು ಮೊಗ್ಗುಗಳಿದ್ದು ಒಂದೊಂದಾಗಿ ಅರಳುವುದರಿಂದ, ಗಡ್ಡೆಗಳು ಬಲಿತು ಗುಂಪಾದ ಪಾತಿಯಲ್ಲಿ ವಾರಗಟ್ಟಲೆ ಹೂವಿರುತ್ತದೆ. ಹೂ ಮುಗಿಯುತ್ತಾ ಬಂದಾಗ ಎಲೆ ಬರುತ್ತದೆ. ಮೇಲೆ ಬೆಳ್ಳಿಹಸಿರು ಮತ್ತು ಕಡುಹಸಿರಿನ ಚಿತ್ತಾರ, ಅಡಿಗೆ ನೇರಳೆ. ಒಂದೂವರೆ, ಎರಡು ಅಡಿಯಲ್ಲಿ ನಿಲ್ಲುತ್ತದೆ.

ನಿಮ್ಮ ಮಾವಿನ ಕೆಳಗೆ ಇದನ್ನೇ ಹಾಕಿ ಎನ್ನಲು ಇನ್ನೊಂದು ಕಾರಣವಿದೆ. ಮಾವು ಹೂ ಬಿಡುವ ಕಾಲದಲ್ಲಿ ಜಿಗಿಹುಳುಗಳು ಹೂಗೊಂಚಲಿನ ರಸ ಹೀರಿ, ಸಿಹಿಯಾದ ಅಂಟು ದ್ರವವನ್ನು ಕೆಳಗೆ ಚಿಮುಕಿಸುತ್ತವೆ. ಮರದಡಿಯ ಗಿಡಗಳ ಎಲೆಗಳೆಲ್ಲ ಜಿಗುಟಾಗಿ, ಅದರ ಮೇಲೆ ಮಸಿಯಂಥ ಕಪ್ಪು ಬೂಷ್ಟು ಕಟ್ಟುತ್ತದೆ. ಮರದಡಿಯಲ್ಲಿ ಕಾರು ನಿಲ್ಲಿಸಿದವರಿಗೆ ಈ ಅಂಟು ಚೆನ್ನಾಗಿ ಗೊತ್ತು. ಅಗಲ ಎಲೆಯ ಗಿಡಗಳು ಆ ಕಾಲದಲ್ಲಿ ನೋಡಲು ಆಗದಂತಾಗುತ್ತವೆ. ನೆಲಸಂಪಿಗೆಗೆ ಫೆಬ್ರವರಿ, ಮಾರ್ಚ್‌ನಲ್ಲಿ ಎಲೆಯೇ ಇರುವುದಿಲ್ಲ, ಹಾಗಾಗಿ ಈ ಕಾಟ ಅದಕ್ಕೆ ತಟ್ಟುವುದಿಲ್ಲ.

ಫೆಬ್ರವರಿಯಲ್ಲಿ ಗಡ್ಡೆ ತಂದು ಎರಡು ಇಂಚು ಆಳದಲ್ಲಿ, ಮುಕ್ಕಾಲು ಅಡಿ ಅಂತರದಲ್ಲಿ ನೆಡಿ. ಗಡ್ಡೆಯ ಬುಡದಲ್ಲಿ ಜೋತುಬಿದ್ದಿರುವ ಸಣ್ಣ ಗೆಣಸಿನಂಥ ಉಬ್ಬುಗಳು ಮುರಿಯದಂತೆ ನೋಡಿಕೊಳ್ಳಿ, ಗಿಡದ ಆಹಾರದ ಸಂಗ್ರಹ ಅಲ್ಲಿರುವುದು. ಮೊದಲ ವರ್ಷ ಹೂ ಕಡಿಮೆ, ಮೂರನೆಯ ವರ್ಷಕ್ಕೆ ಪಾತಿ ತುಂಬುತ್ತದೆ. ನೆಟ್ಟ ಜಾಗದ ಸುತ್ತ ಒಂದು ಸಾಲು ಕಲ್ಲು ಇಡಿ, ಇಲ್ಲದಿದ್ದರೆ ಖಾಲಿ ನೆಲವೆಂದು ಯಾರಾದರೂ ಗುದ್ದಲಿ ಹಾಕುತ್ತಾರೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿಗೆ ನೀರು ಬೇಡ. ಮಲಗಿರುವ ಗಡ್ಡೆಗೆ ನೀರು ಹೆಚ್ಚಾದರೆ ಕೊಳೆಯುತ್ತದೆ.

ಹಾಗೆಯೇ ಬೇಸಿಗೆಗೆ ಕಾದು ಏಳುವ ಇನ್ನೊಂದು ಗಡ್ಡೆ ಮೇ ಫ್ಲವರ್. ನಮ್ಮ ಅಜ್ಜಿಯರ ಕಾಲದಿಂದ ಮಲೆನಾಡಿನ ಅಂಗಳಗಳಲ್ಲಿ ಇರುವುದರಿಂದ ನಮ್ಮದೇ ಎನ್ನಿಸಿದರೂ ಇದರ ತವರು ಆಫ್ರಿಕಾ. ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ದಪ್ಪ ದೇಟಿನ ತುದಿಗೆ ನೂರಾರು ಕೆಂಪು ಹೂಗಳ ಚೆಂಡು. ವಾರ, ಹತ್ತು ದಿನ ಇರುತ್ತದೆ, ವರ್ಷಕ್ಕೆ ಒಂದೇ ಸಲ. ನೆರಳಿಗೆ ಇಷ್ಟು ಹೊಂದುವ ಕೆಂಪು ಹೂ ಕಡಿಮೆ. ಆದರೆ ನಿಮ್ಮ ಮೊಮ್ಮಗಳ ವಯಸ್ಸು ಓದಿದ ಮೇಲೆ ಇದನ್ನು ನೆಲದಲ್ಲಿ ಹಾಕಿ ಎಂದು ನಾನು ಹೇಳಲಾರೆ. ಇದರ ಎಲ್ಲ ಭಾಗವೂ, ಮುಖ್ಯವಾಗಿ ಗಡ್ಡೆ, ವಿಷ. ಅಮರಿಲ್ಲಿಸ್, ಮಳೆ ಬಿದ್ದ ಕೆಲವೇ ದಿನಗಳಲ್ಲಿ ಅರಳುವ ರೈನ್ ಲಿಲ್ಲಿ, ಬಿಳಿ ಹೂವಿನ ಅಮೆಜಾನ್ ಲಿಲ್ಲಿ, ಎಲ್ಲವೂ ಇದೇ ಕುಟುಂಬದವು, ಎಲ್ಲದರ ಗಡ್ಡೆಯೂ ವಾಂತಿ ಬರಿಸುತ್ತದೆ. ಎರಡು ವರ್ಷದ ಮಗು ಮಣ್ಣು ಕೆದಕುವುದನ್ನು ಯಾರೂ ತಡೆಯಲಾರರು, ತಡೆಯಲೂಬಾರದು. ಮೇ ಫ್ಲವರ್ ಬೇಕೇ ಬೇಕೆಂದರೆ ಎಂಟಿಂಚಿನ ಕುಂಡದಲ್ಲಿ, ಗಡ್ಡೆಯ ಕುತ್ತಿಗೆ ಮಣ್ಣಿನ ಮಟ್ಟಕ್ಕೆ ಬರುವಂತೆ ನೆಟ್ಟು, ಮಗುವಿನ ಕೈಗೆ ಸಿಗದ ಕಿಟಕಿಯ ಅಂಚಿನಲ್ಲಿಡಿ. ಕುಂಡ ಬಿಗಿಯಾದಷ್ಟೂ ಅದು ಚೆನ್ನಾಗಿ ಹೂ ಬಿಡುತ್ತದೆ. ಪದೇ ಪದೇ ಕಿತ್ತು ನೆಟ್ಟರೆ ಮುನಿದು ಒಂದು ವರ್ಷ ಸುಮ್ಮನಾಗುತ್ತದೆ.

ಪೀಸ್ ಲಿಲ್ಲಿ, ಆಂಥೂರಿಯಂಗಳಿಗೂ ಇದೇ ಮಾತು. ಅವು ಕೆಸುವಿನ ಬಳಗ. ಹಸಿ ಕೆಸುವಿನ ಎಲೆ ಗಂಟಲು ತುರಿಸುವುದು ಅದರೊಳಗಿನ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿಂದ. ಅದೇ ಹರಳು ಇವುಗಳ ಎಲೆಯಲ್ಲೂ ಇದೆ. ಮಗು ಕಚ್ಚಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ನಿಮ್ಮಲ್ಲಿ ಉಳಿದಿರುವ ಪೀಸ್ ಲಿಲ್ಲಿಯ ಬುಡ ಗಟ್ಟಿಯಾಗಿದ್ದರೆ ಸುಟ್ಟ ಎಲೆಗಳನ್ನು ಕತ್ತರಿಸಿ, ಕುಂಡಕ್ಕೆ ಬದಲಿಸಿ, ಮನೆಯೊಳಗೆ ಬೆಳಕಿರುವ ಎತ್ತರದ ಜಾಗಕ್ಕೆ ಒಯ್ಯಿರಿ. ಅಂಗಡಿಯಲ್ಲಿ ಐದಾರು ಹೂವಿದ್ದ ಗಿಡ ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ ಹೂ ಬಿಡದಿದ್ದರೆ ಬೇಸರಿಸಬೇಡಿ. ಬೆಳೆಗಾರರು ಜಿಬ್ಬರೆಲಿಕ್ ಆಮ್ಲವೆಂಬ ಸಸ್ಯ ಹಾರ್ಮೋನು ಸಿಂಪಡಿಸಿ ಅದಕ್ಕೆ ಹೂ ಬರಿಸುವುದು ಸಾಮಾನ್ಯ, ತಾನಾಗಿ ಬಿಡುವ ಲಯಕ್ಕೆ ಮರಳಲು ಅದಕ್ಕೆ ಕಾಲ ಬೇಕು.

ಇನ್ನು ಪೂರ್ವದ ಹತ್ತಡಿ. ಇಲ್ಲಿ ನನ್ನ ಆಯ್ಕೆ ಕನಕಾಂಬರ, ಎರಡನೆಯ ಯೋಚನೆಯೇ ಇಲ್ಲ. ಅರೆನೆರಳು, ಕೆಲವು ಗಂಟೆಗಳ ಬಿಸಿಲು, ಬೇಸಿಗೆಯ ಕಾವು, ಇವು ಮೂರೂ ಒಟ್ಟಿಗೆ ಬೇಕು ಎನ್ನುವ ಗಿಡ ಅದು. ಭಾರತ, ಶ್ರೀಲಂಕಾಗಳ ಸ್ವಂತ ಗಿಡ. ನಿಮ್ಮ ಜಾಗದಲ್ಲಿ ಬೇಸಿಗೆಗೆ ಬರುವ ಬಿಸಿಲು ಪೀಸ್ ಲಿಲ್ಲಿಗೆ ಶತ್ರುವಾಗಿತ್ತು, ಇದಕ್ಕೆ ಅದೇ ಬೇಕು. ತೋಟಗಾರಿಕೆ ಪತ್ರಿಕೆಗಳ ಬಣ್ಣದ ಚಿತ್ರಗಳಲ್ಲಿ ಇದು ಕಾಣುವುದಿಲ್ಲ, ಹೂಮಾರುವವರ ಬುಟ್ಟಿಯ ಹೂವೆಂದು ಅಲಂಕಾರದ ತೋಟಗಳವರು ದೂರ ಇಟ್ಟಿದ್ದಾರೆ. ಇದು ನನಗೆ ನಿಜವಾಗಿಯೂ ಬೇಸರದ ವಿಷಯ. ಕಡುಹಸಿರಿನ ಹೊಳೆಯುವ ಎಲೆಯ ಮೇಲೆ ಆ ಕಿತ್ತಳೆ ಬಣ್ಣ ಅರೆಬೆಳಕಿನಲ್ಲೂ ದೂರದಿಂದ ಕಾಣುತ್ತದೆ. ಕಡುಗೆಂಪು, ನೇರಳೆ ಹೂಗಳು ನೆರಳಿನಲ್ಲಿ ಕಪ್ಪಿಟ್ಟಂತೆ ಕಂಡು ಮರೆಯಾಗುವಾಗ ಬಿಳಿ, ಹಳದಿ, ಕಿತ್ತಳೆ, ತಿಳಿಗುಲಾಬಿಗಳೇ ಅಲ್ಲಿ ಎದ್ದು ಕಾಣುವುದು. ಸಾಲದ್ದಕ್ಕೆ ಮೊಮ್ಮಗಳ ಜಡೆಗೂ ಹೂವಾಯಿತು, ಕಿತ್ತು ಆಡಿದರೆ ಭಯವಿಲ್ಲ.

ತಳಿ ನೋಡಿ ಕೊಳ್ಳಿ. ಡೆಲ್ಲಿ ಕನಕಾಂಬರ ಎಂದು ಸಿಗುವುದು ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದ ಬೆಳೆಸಿದ ಗಿಡವನ್ನೇ ಕೊಳ್ಳಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ಅಂಬರ, ಅರ್ಕಾ ಕನಕ ಮುಂತಾದ ತಳಿಗಳನ್ನು ಬಿಡುಗಡೆ ಮಾಡಿದೆ. ಬೀಜದ ನಾಟಿ ತಳಿಯಾದರೆ ಒಣಗಿದ ಕಾಯಿಗೆ ನೀರು ತಾಗಿದೊಡನೆ ಚಟ್ಟೆಂದು ಸಿಡಿದು ಬೀಜ ಎರಚಿಕೊಳ್ಳುತ್ತದೆ, ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಆಟವಿಲ್ಲ. ಒಂದಡಿ ಅಂತರದಲ್ಲಿ ಎರಡು ಸಾಲು ನೆಟ್ಟರೆ ಸಾಕು. ಗಿಡ ಗೇಣುದ್ದ ಆದಾಗ ತುದಿ ಚಿವುಟಿ, ಪಕ್ಕದ ಕವಲುಗಳು ಒಡೆದ ಮೇಲೆ ಅವುಗಳನ್ನೂ ಒಮ್ಮೆ ಚಿವುಟಿ. ತೆನೆಯಲ್ಲಿ ಹೂ ಮುಗಿದೊಡನೆ ತೆನೆಯನ್ನು ಬುಡಕ್ಕೆ ಕತ್ತರಿಸಿ. ಹೀಗೆ ಮಾಡಿದರೆ ಎರಡು ಅಡಿಯೊಳಗೆ ಗುಬುರಾಗಿ ಇರುತ್ತದೆ.

ಕನಕಾಂಬರದ ದೊಡ್ಡ ವೈರಿ ಕಣ್ಣಿಗೆ ಕಾಣದ ಬೇರುಗಂಟಿನ ಜಂತುಹುಳು. ನೀರಿದ್ದೂ ಗಿಡ ಬಾಡಿದಂತಾಗಿ, ಎಲೆ ಬಿಳಿಚಿಕೊಂಡು, ಕಿತ್ತು ನೋಡಿದರೆ ಬೇರಿನಲ್ಲಿ ಗಂಟುಗಳಿದ್ದರೆ ಅದೇ. ನೆಡುವ ಮುಂಚೆ ಗುಣಿಗೊಂದು ಹಿಡಿ ಬೇವಿನ ಹಿಂಡಿ ಬೆರೆಸಿ, ಬುಡದಲ್ಲಿ ನೀರು ನಿಲ್ಲದಂತೆ ಪಾತಿಯನ್ನು ಅರ್ಧ ಅಡಿ ಏರಿಸಿ. ಗಂಟು ಬಂದ ಗಿಡವನ್ನು ಬೇರುಸಹಿತ ಕಿತ್ತು ಸುಟ್ಟುಬಿಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ.

ಕನಕಾಂಬರದ ಮುಂದೆ ಅಂಚಿಗೆ ಟೊರೆನಿಯಾ ಚೆನ್ನಾಗಿರುತ್ತದೆ. ಒಂದಡಿ ಮೀರುವುದಿಲ್ಲ, ತಿಳಿನೀಲಿ, ಗುಲಾಬಿ, ಬಿಳಿ ಬಣ್ಣಗಳಲ್ಲಿ ಸಿಗುತ್ತದೆ, ಸೆಕೆ ತಡೆಯುತ್ತದೆ. ಸಸಿಯಾಗಿಯೇ ತನ್ನಿ, ಬೀಜ ಧೂಳಿನಷ್ಟು ಸಣ್ಣದು. ಮಾವಿನ ನೆರಳಿನ ಅಂಚಿಗೆ ಇಂಪೇಷನ್ಸ್ ಕೂಡ ಆಗುತ್ತದೆ, ಆದರೆ ಒಂದು ದಿನ ನೀರು ತಪ್ಪಿದರೂ ಜೋತುಬೀಳುವ ಗಿಡ ಅದು. ಏಪ್ರಿಲ್‌ನಲ್ಲಿ ಟ್ಯಾಂಕರ್ ನೀರಿಗೆ ಕಾಯುವ ಬಡಾವಣೆಯಲ್ಲಿ ನೀವಿದ್ದರೆ ಅದರ ಸಹವಾಸ ಬೇಡ. ಹೈಡ್ರೇಂಜಿಯಾ ಬಗ್ಗೆ ನೀವು ಕೇಳಿಲ್ಲ, ಆದರೆ ಮಡಿಕೇರಿಗೆ ಹೋಗಿ ಬಂದವರೆಲ್ಲ ಕೇಳುತ್ತಾರೆ. ಎಳೆಬಿಸಿಲು, ತಂಪು ಬುಡ, ಬೇಸಿಗೆಯುದ್ದಕ್ಕೂ ಎಡೆಬಿಡದ ತೇವ ಮೂರೂ ಇದ್ದರೆ ಬೆಂಗಳೂರಿನಲ್ಲೂ ಅದು ಅರಳುತ್ತದೆ. ಮಾವಿನ ಬೇರುಗಳ ಜೊತೆ ಪೈಪೋಟಿಗೆ ಇಳಿಸಿದರೆ ಗೆಲ್ಲುವುದಿಲ್ಲ. ಮಲ್ಲಿಗೆ ಮತ್ತು ದಾಸವಾಳಕ್ಕೆ ದಿನಕ್ಕೆ ಐದಾರು ಗಂಟೆಯ ನೇರ ಬಿಸಿಲು ಬೇಕು. ಅವುಗಳನ್ನು ದೊಡ್ಡ ಕುಂಡಗಳಲ್ಲಿ ತಾರಸಿಗೆ ಒಯ್ಯಿರಿ, ಮುಂದಿನ ಬೇಸಿಗೆಗೇ ಮಲ್ಲಿಗೆ ಹೂ ಕೊಡುತ್ತದೆ.

ಮಾವಿನ ಕೆಳಗೆ ಪಾತಿ ಮಾಡುವಾಗ ಆಳಕ್ಕೆ ಅಗೆಯಬೇಡಿ. ಹೆಬ್ಬೆರಳಿಗಿಂತ ದಪ್ಪದ ಬೇರು ಸಿಕ್ಕಿದರೆ ಕಡಿಯದೆ ಪಕ್ಕಕ್ಕೆ ಸರಿಯಿರಿ. ಮೇಲಿನ ನಾಲ್ಕೈದು ಇಂಚು ಮಣ್ಣು ಸಡಿಲಿಸಿ, ಅದರ ಮೇಲೆ ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ತರಗೆಲೆ ಗೊಬ್ಬರಗಳನ್ನು ಸಮವಾಗಿ ಬೆರೆಸಿ ನಾಲ್ಕು ಇಂಚು ಏರಿಸಿದರೆ ನೆಲಸಂಪಿಗೆಗೆ ಸಾಕು. ಅದು ಆಳ ಕೇಳುವುದಿಲ್ಲ. ಉದುರುವ ಮಾವಿನೆಲೆಯನ್ನು ಗುಡಿಸಿ ಹೊರಗೆ ಹಾಕಬೇಡಿ. ಹೂ ಏಳುವ ಜಾಗ ಬಿಟ್ಟು ಉಳಿದೆಡೆ ಎರಡು ಇಂಚು ದಪ್ಪ ಹರಡಿದರೆ ತೇವ ಉಳಿಯುತ್ತದೆ.

ಯೂರಿಯಾವನ್ನು ಈ ಜಾಗಕ್ಕೆ ತರಬೇಡಿ. ನೆರಳಿನಲ್ಲಿ ಸಾರಜನಕ ಹೆಚ್ಚಾದರೆ ಎಲೆ ಉದ್ದವಾಗಿ ಹೂ ಹಿಂದೆ ಬೀಳುತ್ತದೆ. ಎರಡು ತಿಂಗಳಿಗೊಮ್ಮೆ ಗಿಡಕ್ಕೊಂದು ಹಿಡಿ ಎರೆಗೊಬ್ಬರ ಸಾಕು. ನೀರನ್ನು ಬೆಳಗ್ಗೆಯೇ ಕೊಡಿ, ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸುವ ಬದಲು ಎರಡು ದಿನಕ್ಕೊಮ್ಮೆ ಬೇರಿನ ಆಳಕ್ಕೆ ಇಳಿಯುವಂತೆ. ನೀರು ಶುದ್ಧೀಕರಣ ಯಂತ್ರ ಬೇಡವೆಂದು ಹೊರಬಿಡುವ ನೀರನ್ನು ಉಳಿತಾಯಕ್ಕೆಂದು ದಿನವೂ ಇದೇ ಪಾತಿಗೆ ಬಿಡುವ ಮನೆಗಳಿವೆ. ಅದರಲ್ಲಿ ಲವಣ ಹೆಚ್ಚು, ದಿನವೂ ಬಿಟ್ಟರೆ ಅದು ಮಣ್ಣಿನಲ್ಲೇ ಕೂತು ಎಲೆಯ ತುದಿ ಕಂದುತ್ತದೆ. ಅದನ್ನು ನೆಲ ತೊಳೆಯಲು ಬಳಸಿ. ಅಕ್ಕಿ, ತರಕಾರಿ ತೊಳೆದ ನೀರು ಧಾರಾಳವಾಗಿ ಆಗುತ್ತದೆ.

ಮೇ ತಿಂಗಳ ಮಳೆಯ ಜೊತೆಗೆ ಆಫ್ರಿಕನ್ ಬಸವನಹುಳು ಏಳುತ್ತದೆ. ತರಗೆಲೆಯ ಕೆಳಗೆ, ಕಾಂಪೌಂಡಿನ ಸಂದಿಯಲ್ಲಿ ಹಗಲು ಅಡಗಿ, ರಾತ್ರಿ ಟೊರೆನಿಯಾವನ್ನೂ ನೆಲಸಂಪಿಗೆಯ ಎಳೆಯ ಎಲೆಯನ್ನೂ ಮುಗಿಸುತ್ತದೆ. ಸಂಜೆ ಪಪಾಯಿ ಎಲೆ ಅಥವಾ ಎಲೆಕೋಸಿನ ಹೊರಪದರವನ್ನು ಪಾತಿಯಲ್ಲಿ ಇಟ್ಟು, ಎರಡು ಗಂಟೆ ಬಿಟ್ಟು ಟಾರ್ಚ್ ಹಿಡಿದು ಹೋದರೆ ಅವು ಅಲ್ಲಿ ಸೇರಿರುತ್ತವೆ. ಕೈಗವಸು ಹಾಕಿಕೊಂಡೇ ಆರಿಸಿ, ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ. ಉಪ್ಪು ಸುರಿಯಬೇಡಿ, ಹುಳುವಿನ ಜೊತೆಗೆ ಮಣ್ಣೂ ಕೆಡುತ್ತದೆ.

ಗಿಡ ಕೊಳ್ಳಲು ಲಾಲ್‌ಬಾಗ್‌ನ ಮಾರಾಟ ಕೇಂದ್ರಕ್ಕೋ ಸಿದ್ದಾಪುರದ ನರ್ಸರಿಗಳಿಗೋ ಫೆಬ್ರವರಿ ಮೊದಲ ವಾರ ಹೋಗಿ. ನೆಲಸಂಪಿಗೆಯ ಗಡ್ಡೆ ಎಲ್ಲ ಕಡೆ ಸಿಗುವುದಿಲ್ಲ, ಔಷಧಿ ಸಸ್ಯಗಳನ್ನು ಬೆಳೆಸುವ ನರ್ಸರಿಗಳಲ್ಲಿ ವಿಚಾರಿಸಿ. ಒತ್ತಿದರೆ ಗಟ್ಟಿಯಿರಬೇಕು, ಒಂದಾದರೂ ಮೊಳಕೆಯ ಕಣ್ಣು ಕಾಣಬೇಕು. ಕನಕಾಂಬರದಲ್ಲಿ ಹೂ ತುಂಬಿದ ಎತ್ತರದ ಗಿಡ ಬಿಟ್ಟು, ಬುಡದಿಂದ ಮೂರು ನಾಲ್ಕು ಕವಲು ಒಡೆದ, ಹೂವಿಲ್ಲದ ಸಣ್ಣ ಗಿಡ ಆರಿಸಿ, ಮಾರ್ಚ್ ಕೊನೆಗೆ ಅದೇ ಮುಂದಿರುತ್ತದೆ. ಟೊರೆನಿಯಾ ಸಸಿಗಳಿಗೆ ಮಾರ್ಚ್‌ನಲ್ಲಿ ಇನ್ನೊಮ್ಮೆ ಹೋದರಾಯಿತು. ಮಳೆಗಾಲ ಮುಗಿದು ಅಕ್ಟೋಬರ್ ಬಂದಾಗ ಕನಕಾಂಬರವನ್ನು ಮೊಣಕಾಲಿನ ಅರ್ಧದಷ್ಟು ಎತ್ತರಕ್ಕೆ ಸವರಿ, ಬುಡಕ್ಕೆ ಗೊಬ್ಬರ ಕೊಡಿ. ಮುಂದಿನ ಬೇಸಿಗೆಯ ಹೂ ಬರುವುದು ಆ ಹೊಸ ಕವಲುಗಳಲ್ಲಿ.